ಗೊಂಬೆ ಮರದ ಎಲೆ, ರೇಷ್ಮೆ ನೀರಿನ ಬೆರಳು

ಚನ್ನಪಟ್ಟಣದ ಬಣ್ಣದ ಗೊಂಬೆ ಹಿಡಿಯದೆ ಬೆಳೆದ ಮಕ್ಕಳು ನಮ್ಮ ಸೀಮೆಯಲ್ಲಿ ಕಡಿಮೆ. ಆದರೆ ಆ ಗೊಂಬೆಗೆ ಮೈಕೊಟ್ಟ ಮರ ಯಾವುದು, ತೋರಿಸಿ ಎಂದರೆ ಮೈಸೂರು ರಸ್ತೆಯಲ್ಲಿ ದಿನಾ ಓಡಾಡುವವರೂ ತಡವರಿಸುತ್ತಾರೆ. ಅದರ ಹೆಸರು ಆಲೆ ಮರ. ಆಲದ ಮರವಲ್ಲ, ಆಲೆ. ಕೆಲವು ಕಡೆ ಬೆಪ್ಪಾಲೆ ಎಂದೂ ಕರೆಯುತ್ತಾರೆ. ಸಸ್ಯಶಾಸ್ತ್ರಜ್ಞರ ಬಾಯಲ್ಲಿ ರೈಟಿಯಾ ಟಿಂಕ್ಟೋರಿಯಾ. ಬೇಸಿಗೆಯಲ್ಲಿ ಮಲ್ಲಿಗೆಯಂಥ ಬಿಳಿ ಹೂ ಬಿಡುತ್ತದೆ. ಕಾಯಿಗಳು ಜೋಡಿ ಜೋಡಿಯಾಗಿ, ಉದ್ದಕ್ಕೆ, ತುದಿಯಲ್ಲಿ ಒಂದಕ್ಕೊಂದು ಅಂಟಿಕೊಂಡು ಇಕ್ಕಳದ ಹಾಗೆ ನೇತಾಡುತ್ತವೆ. ಎಲೆ ಮುರಿದರೆ ಹಾಲು. ಕಡೆಯಲು ಹದವಾದ, ನಯವಾದ ಬಿಳಿ ಮರವಾದ್ದರಿಂದ ಚನ್ನಪಟ್ಟಣದ ಕುಶಲಕರ್ಮಿ ಅದನ್ನು ಮೆಚ್ಚಿದ. ಅರಗಿನ ಬಣ್ಣ ಅದರ ಮೈಮೇಲೆ ಚೆನ್ನಾಗಿ ಕೂರುತ್ತದೆ.

ಗೊಂಬೆ ಮಾಡುವವರಿಗೆ ಬೇಕಾದದ್ದು ಕೊರಡು. ಎಲೆಗೆ ಅಲ್ಲಿ ಕೆಲಸವಿಲ್ಲ. ಎಲೆಯ ಕಡೆ ಕಣ್ಣು ಹಾಕಿದವರು ಪಕ್ಕದ ತಮಿಳುನಾಡಿನ ಸಿದ್ಧವೈದ್ಯರು. ಅವರು ಇದನ್ನು ವೆಟ್ಪಾಲೈ ಎನ್ನುತ್ತಾರೆ. ಹಸಿ ಎಲೆಯನ್ನು ಕೊಬ್ಬರಿ ಎಣ್ಣೆಯಲ್ಲಿ ಮುಳುಗಿಸಿ ಬಿಸಿಲಿಗಿಟ್ಟರೆ ಕೆಲವು ದಿನದಲ್ಲಿ ಎಣ್ಣೆ ಕೆಂಪು ನೇರಳೆಗೆ ತಿರುಗುತ್ತದೆ. ಆ ಎಣ್ಣೆ ಸೋರಿಯಾಸಿಸ್‌ಗೆ, ತಲೆಯ ಹೊಟ್ಟಿಗೆ ಔಷಧಿ. ಬಣ್ಣ ಎಲ್ಲಿಂದ ಬಂತು ಎಂದು ಕೇಳಬೇಡಿ, ಹೆಸರಲ್ಲೇ ಇದೆ: ಟಿಂಕ್ಟೋರಿಯಾ ಎಂದರೆ ಬಣ್ಣ ಕೊಡುವಂಥದ್ದು. ಹಿಂದೆ ಈ ಎಲೆಯಿಂದ ನೀಲಿಯನ್ನೂ ತೆಗೆಯುತ್ತಿದ್ದರು. ನೀಲಿಯ ಜೊತೆಗೆ ಹುಟ್ಟುವ ಅದರ ಕೆಂಪು ತಮ್ಮನ ಹೆಸರು ಇಂಡಿರುಬಿನ್. ಈ ಎಲೆಯಿಂದ ಬೇರ್ಪಡಿಸಿದ ಇಂಡಿರುಬಿನ್ ಚರ್ಮಕ್ಕೆ ಅಂಟುವ ಶಿಲೀಂಧ್ರಗಳನ್ನು ತಡೆಯುತ್ತದೆಂದು 2010ರಲ್ಲಿ ಪ್ರಯೋಗಾಲಯದ ವರದಿ ಪ್ರಕಟವಾಯಿತು. ಅದಕ್ಕೂ ಹತ್ತು ವರ್ಷ ಮೊದಲು, 2000ದಲ್ಲಿ, ಇದೇ ಎಲೆಯನ್ನೂ ದಾಸವಾಳವನ್ನೂ ಕೂಡಿಸಿ ತಲೆಹೊಟ್ಟಿನ ಯೀಸ್ಟ್ ಮೇಲೆ ಪ್ರಯೋಗಿಸಿದ್ದರು. ಅದೂ ಸೋಲಲಿಲ್ಲ.

ಯೀಸ್ಟ್ ಎಂದ ಕೂಡಲೇ ನಮಗೆ ನೆನಪಾಗುವುದು ಬೇಕರಿ. ಬ್ರೆಡ್ಡನ್ನು ಉಬ್ಬಿಸುವುದೂ ಅದೇ, ಈಚಲ ಹೆಂಡವನ್ನು ಹುಳಿ ಬರಿಸುವಲ್ಲಿ ಕೈಯಾಡಿಸುವುದೂ ಅದೇ ಕುಲ. ಬೂಷ್ಟು, ಅಣಬೆ, ಯೀಸ್ಟ್ ಎಲ್ಲವೂ ಶಿಲೀಂಧ್ರ ವಂಶದವು. ಯೀಸ್ಟ್ ಮಾತ್ರ ಒಂಟಿ ಜೀವಕೋಶದ ಸಂಸಾರಿ. ಮೈಯಿಂದ ಮೊಗ್ಗೊಡೆದು ಮರಿ ಹಾಕುತ್ತದೆ. ನಮ್ಮ ಮೈಮೇಲೂ ಮೈಯೊಳಗೂ ಅದರ ಎರಡು ಜಾತಿಗಳು ಬಾಡಿಗೆ ಕೊಡದೆ ವಾಸವಾಗಿವೆ. ಒಂದು ಮಲಾಸಿಜಿಯಾ, ಚರ್ಮದ ಜಿಡ್ಡು ತಿಂದು ಬದುಕುವಂಥದ್ದು. ಇನ್ನೊಂದು ಕ್ಯಾಂಡಿಡಾ, ಬಾಯಿ, ಕರುಳು, ಹೆಂಗಸರ ಜನನಾಂಗದ ಒದ್ದೆ ಜಾಗಗಳಲ್ಲಿ ಇರುವಂಥದ್ದು. ಆರೋಗ್ಯವಂತರ ಮೈಯಲ್ಲೂ ಇವು ಇರುತ್ತವೆ, ತೊಂದರೆ ಕೊಡುವುದಿಲ್ಲ. ಅವಕಾಶ ಸಿಕ್ಕಾಗ ಮಾತ್ರ ಮನೆಯ ಯಜಮಾನನಾಗಲು ಹೊರಡುತ್ತವೆ.

ಮಲಾಸಿಜಿಯಾ ಕೆದರಿದರೆ ತಲೆಯಲ್ಲಿ ಹೊಟ್ಟು, ಬೆನ್ನು ಕುತ್ತಿಗೆಯಲ್ಲಿ ಚಿಬ್ಬು. ಬೆವರಿನ ಕಾಲದಲ್ಲಿ ಹದಿಹರೆಯದವರ ಎದೆಯ ಮೇಲೆ, ಹೆಗಲ ಮೇಲೆ ಹುಡಿ ಎರಚಿದಂತೆ ಕಾಣುವ ತಿಳಿ ಮಚ್ಚೆಗಳು. ಹಳ್ಳಿಗಳಲ್ಲಿ ಇದನ್ನು ಕಂಡು ತಾಯಂದಿರ ಎದೆ ಧಸಕ್ಕೆನ್ನುತ್ತದೆ, ಮದುವೆಗೆ ಬಂದ ಮಗಳಿಗೆ ತೊನ್ನು ಬಂತೇನೋ ಎಂದು. ತೊನ್ನಲ್ಲ. ಉಗುರಿನಿಂದ ಮೆಲ್ಲಗೆ ಕೆರೆದರೆ ಚಿಬ್ಬಿನಿಂದ ಸಣ್ಣ ಹೊಟ್ಟು ಉದುರುತ್ತದೆ, ತೊನ್ನಿನಿಂದ ಏನೂ ಉದುರುವುದಿಲ್ಲ. ಇನ್ನೊಂದು ಮಾತನ್ನೂ ತಿಳಿದಿರಬೇಕು. ಔಷಧಿಯಿಂದ ಯೀಸ್ಟ್ ಎರಡು ಮೂರು ವಾರದಲ್ಲಿ ಸತ್ತರೂ ಚರ್ಮದ ಬಣ್ಣ ಮರಳುವುದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಈ ನಡುವೆ ಮನೆಯವರು ಮೂರು ಡಾಕ್ಟರನ್ನು ಬದಲಿಸಿ, ಕಡೆಗೆ ಯಾರೋ ಹೇಳಿದ ಸೊಪ್ಪನ್ನು ಅರೆದು ಹಚ್ಚುತ್ತಾರೆ. ಬಣ್ಣ ಬರುವ ಹೊತ್ತಿಗೆ ಸರಿಯಾಗಿ ಸೊಪ್ಪು ಹಚ್ಚಿದವರಿಗೆ ಕೀರ್ತಿ! ನಮ್ಮ ಅನೇಕ ಸೊಪ್ಪುಗಳ ಖ್ಯಾತಿ ಹೀಗೆ ಹುಟ್ಟಿದೆ ಎಂಬ ಗುಮಾನಿ ನನಗೆ ಉಂಟು. ಎಲ್ಲವೂ ಹೀಗಲ್ಲ ಎಂಬುದಕ್ಕೆ ಆಲೆ ಎಲೆಯೇ ಸಾಕ್ಷಿ.

ಈಗ ಕ್ಯಾಂಡಿಡಾ ವಿಷಯಕ್ಕೆ ಬರೋಣ. ಅದಕ್ಕೆ ರಾಮನಗರಕ್ಕಿಂತ ಸರಿಯಾದ ಊರು ಸಿಗುವುದು ಕಷ್ಟ.

ರಾಮನಗರದ ಸರ್ಕಾರಿ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದದ್ದು. ಅಲ್ಲಿ ಹರಾಜಾದ ಗೂಡು ಸುತ್ತಲಿನ ಬಿಚ್ಚಾಣಿಕೆ ಮನೆಗಳಿಗೆ ಹೋಗುತ್ತದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ಕಡೆ ಚರಕ, ಕಾಟೇಜ್ ಬೇಸಿನ್‌ಗಳ ಮುಂದೆ ಕುಳಿತು ಬದುಕು ಕಟ್ಟಿದ ಸಂಸಾರಗಳಿವೆ. ಗೂಡನ್ನು ಕುದಿ ನೀರಿನಲ್ಲಿ ಬೇಯಿಸಬೇಕು. ಎಳೆಗಳನ್ನು ಅಂಟಿಸಿ ಹಿಡಿದಿರುವ ಸೆರಿಸಿನ್ ಎಂಬ ಗೋಂದು ಆಗ ಸಡಿಲವಾಗುತ್ತದೆ. ಬಿಸಿ ನೀರಿನಲ್ಲಿ ತೇಲುವ ಗೂಡುಗಳ ಮೇಲೆ ಬೆರಳಾಡಿಸಿ, ಕೂದಲಿಗಿಂತ ತೆಳ್ಳಗಿನ ಎಳೆಯ ತುದಿ ಹುಡುಕಿ, ನಾಲ್ಕಾರನ್ನು ಜೋಡಿಸಿ ರಾಟೆಗೆ ಕೊಡಬೇಕು. ಎಳೆ ತುಂಡಾದಾಗಲೆಲ್ಲ ಮತ್ತೆ ಕೈ ನೀರಿಗೆ. ಹೀಗೆ ಇಡೀ ದಿನ. ಆ ನೀರಿನಲ್ಲಿ ಗೋಂದು ಕರಗಿದೆ, ಸತ್ತ ಹುಳದ ರಸ ಬೆರೆತಿದೆ.

ಬೆರಳ ಚರ್ಮ ಎಷ್ಟೆಂದು ತಡೆದೀತು? ಮೊದಲು ಸುಕ್ಕು, ಆಮೇಲೆ ಬಿಳಿಚಿ ಮೆತ್ತಗಾಗುವುದು, ಆಮೇಲೆ ಬಿರುಕು. ಮಧ್ಯದ ಬೆರಳು, ಉಂಗುರದ ಬೆರಳು ಇವೆರಡರ ನಡುವಿನ ಸಂದಿಯನ್ನು ನೋಡಿ. ಅಲ್ಲಿ ಬೆರಳುಗಳು ಅಗಲುವುದು ಕಡಿಮೆ, ಗಾಳಿ ಆಡುವುದು ಕಡಿಮೆ. ಕ್ಯಾಂಡಿಡಾ ಹೆಚ್ಚಾಗಿ ಹುಡುಕಿ ಕೂರುವುದು ಆ ಜಾಗವನ್ನೇ. ಸುತ್ತ ಬೆಂದಂತೆ ಬೆಳ್ಳಗಾದ ತೊಗಲು, ನಡುವೆ ಕೆಂಪು ಹಸಿಗಾಯ. ಇನ್ನೊಂದು ಠಾವು ಉಗುರಿನ ಬುಡ. ಅದು ಊದಿ, ಉಗುರಿಗೂ ಚರ್ಮಕ್ಕೂ ಇರುವ ಬೆಸುಗೆ ಬಿಟ್ಟುಹೋಗಿ, ಒತ್ತಿದರೆ ಕೀವು. ಪಾತ್ರೆ ತಿಕ್ಕುವವರು, ಬಟ್ಟೆ ಒಗೆಯುವವರು, ಹೋಟೆಲ್ ಅಡುಗೆಯವರು ಎಲ್ಲರಿಗೂ ಬರುವ ಕಾಯಿಲೆ ಇದು. ರೇಷ್ಮೆ ಬಿಚ್ಚುವವರಿಗೆ ಇದರ ಜೊತೆಗೆ ಬೊಬ್ಬೆಯೂ ಸೇರುತ್ತದೆ. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ರೇಷ್ಮೆ ಉದ್ಯಮದ ಜೀತದ ಮಕ್ಕಳ ಬಗ್ಗೆ ವರದಿ ಪ್ರಕಟಿಸಿದಾಗ ಕರ್ನಾಟಕದ ಬಿಚ್ಚಾಣಿಕೆ ಘಟಕಗಳ ಮಕ್ಕಳ ಕೈಗಳೂ ಅದರಲ್ಲಿದ್ದವು: ಸುಟ್ಟು, ಬೊಬ್ಬೆ ಎದ್ದ ಕೈಗಳು. ಮೈಸೂರು ರೇಷ್ಮೆಯ ಸೀರೆ ಉಟ್ಟು ಮದುವೆಗೆ ಹೋಗುವ ನಾವೆಲ್ಲ ಒಮ್ಮೆ ಓದಬೇಕಾದ ವರದಿ ಅದು.

ಬಿಚ್ಚಾಣಿಕೆಯವರ ಮನೆಗಳಲ್ಲಿ ಇದಕ್ಕೆ ಮದ್ದೇನು? ಅನೇಕ ಕಡೆ ಗೋರಂಟಿ. ಸೊಪ್ಪನ್ನು ಅರೆದು ರಾತ್ರಿ ಬೆರಳಿಗೆ ಮೆತ್ತಿ ಮಲಗುವುದು. ಉಗುರುಸುತ್ತಾದರೆ ನಿಂಬೆಹಣ್ಣಿಗೆ ತೂತು ಕೊರೆದು ಬೆರಳನ್ನು ಅದರೊಳಗೆ ಸಿಕ್ಕಿಸುವುದು ನಮ್ಮೆಲ್ಲರ ಅಜ್ಜಿಯರಿಗೂ ಗೊತ್ತಿದ್ದ ವಿದ್ಯೆ. ಗೋರಂಟಿಯ ವಿಷಯದಲ್ಲಿ ಅಜ್ಜಿಯ ಲೆಕ್ಕ ತಪ್ಪಿಲ್ಲ. ಕೈಗೆ ಕೆಂಪು ಕೊಡುವ ಲಾಸೋನ್ ಎಂಬ ವಸ್ತು ಒಣಗಿದ ಎಲೆಯಲ್ಲಿ ನೂರಕ್ಕೆ ಒಂದು ಪಾಲಿನಷ್ಟಿದ್ದು, ಗಾಜಿನ ತಟ್ಟೆಯಲ್ಲಿ ಕ್ಯಾಂಡಿಡಾವನ್ನು ತಡೆಯುತ್ತದೆ. ಚರ್ಮದ ಮೇಲ್ಪದರಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುವುದರಿಂದ ತೊಳೆದರೂ ಬೇಗ ಹೋಗುವುದಿಲ್ಲ. ವೀಳ್ಯದೆಲೆಯಲ್ಲಿ ಹೈಡ್ರಾಕ್ಸಿಚಾವಿಕಾಲ್ ಇದೆ, ತುಳಸಿಯಲ್ಲಿ ಯೂಜಿನಾಲ್, ದೊಡ್ಡಪತ್ರೆಯಲ್ಲಿ ಕಾರ್ವಕ್ರಾಲ್. ಇವೆಲ್ಲ ಶಿಲೀಂಧ್ರದ ಜೀವಕೋಶದ ಪೊರೆಯನ್ನು ತೂತು ಮಾಡುವ ಜಾತಿಯವು. ಗಿಡ ಇವನ್ನು ತಯಾರಿಸುವುದು ನಮಗಾಗಿ ಅಲ್ಲ. ಓಡಿಹೋಗಲು ಕಾಲಿಲ್ಲದ ಗಿಡ ಬೂಷ್ಟು ಬಂದಾಗ ಮಾಡುವುದಿನ್ನೇನು? ಎಲೆಯಲ್ಲೇ ಮದ್ದಿನ ಕೋಠಿ ಇಟ್ಟುಕೊಂಡಿದೆ.

ಎಲೆಗಳಿಗೆ ಇನ್ನೇನು ಬೇಕು, ಕಾಲೇಜುಗಳಿಗೆ ಇವು ವರ. ಸಸ್ಯಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ ಓದುವ ಹುಡುಗ ಹುಡುಗಿಯರಿಗೆ ಪ್ರಾಜೆಕ್ಟ್ ಎಂದರೆ ಬಹಳ ಸಲ ಇದೇ. ಎಲೆಯನ್ನು ನೆರಳಲ್ಲಿ ಒಣಗಿಸಿ ಪುಡಿ ಮಾಡು, ಆಲ್ಕೋಹಾಲಿನಲ್ಲಿ ನೆನೆಸಿ ಸಾರ ತೆಗೆ, ಅಗರ್ ತಟ್ಟೆಯ ತುಂಬ ಕ್ಯಾಂಡಿಡಾ ಹರಡಿ ನಡುವೆ ಗುಳಿ ತೋಡಿ ಸಾರ ಹುಯ್ಯಿ, ಮಾರನೆಯ ದಿನ ಗುಳಿಯ ಸುತ್ತ ಏನೂ ಬೆಳೆಯದ ಬಯಲು ಎಷ್ಟು ಮಿಲಿಮೀಟರ್ ಎಂದು ಅಳೆ. ಹದಿನೈದು ಮಿಲಿಮೀಟರ್ ಬಂದರೆ ಸಂಭ್ರಮ. ಕೆಲಸ ಒಳ್ಳೆಯದೇ, ಮಕ್ಕಳಿಗೆ ಕೈ ಪಳಗುತ್ತದೆ. ಆದರೆ ಆ ಹದಿನೈದು ಮಿಲಿಮೀಟರ್ ಪತ್ರಿಕೆಯ ಮೂಲೆಯಲ್ಲಿ ‘ಯೀಸ್ಟ್ ಸೋಂಕಿಗೆ ಎಲೆಯೇ ರಾಮಬಾಣ’ ಎಂದಾಗುವಾಗ ನಡುವೆ ಬಹಳ ದೊಡ್ಡ ಹಳ್ಳವೊಂದನ್ನು ಹಾರಿಬಿಟ್ಟಿರುತ್ತೇವೆ.

ಹಳ್ಳದ ಅಗಲ ಎಷ್ಟು ಎಂದು ಹೇಳುತ್ತೇನೆ. ಎಲೆಯ ಕಚ್ಚಾ ಸಾರ ಯೀಸ್ಟನ್ನು ನಿಲ್ಲಿಸಲು ಸಾಮಾನ್ಯವಾಗಿ ಮಿಲಿಲೀಟರಿಗೆ ಮಿಲಿಗ್ರಾಂಗಳ ಲೆಕ್ಕದಲ್ಲಿ ಬೇಕು. ಫ್ಲುಕೊನಜೋಲ್ ಮಾತ್ರೆಯ ಔಷಧಿ ಅದೇ ಕೆಲಸವನ್ನು ಮೈಕ್ರೋಗ್ರಾಂಗಳಲ್ಲಿ ಮಾಡುತ್ತದೆ. ಒಂದು ಮಿಲಿಗ್ರಾಂ ಎಂದರೆ ಸಾವಿರ ಮೈಕ್ರೋಗ್ರಾಂ. ಜೊತೆಗೆ ಗಾಜಿನ ತಟ್ಟೆಯಲ್ಲಿ ಬೆವರಿಲ್ಲ, ರಕ್ತವಿಲ್ಲ, ಕೀವಿಲ್ಲ. ಆಲ್ಕೋಹಾಲಿನಲ್ಲಿ ಇಳಿದ ಗುಣ ಅಜ್ಜಿಯ ಒರಳಿನಲ್ಲಿ ಅರೆದಾಗ ಇಳಿಯುತ್ತದೆಂಬ ಖಾತರಿಯೂ ಇಲ್ಲ. ಬಯಲಿನ ಅಗಲವನ್ನಷ್ಟೇ ನಂಬುವುದಕ್ಕೂ ಆಗದು: ಎಣ್ಣೆಯಂಶದ ವಸ್ತು ಅಗರ್‌ನಲ್ಲಿ ಹರಿಯುವುದೇ ಕಡಿಮೆ, ಒಳ್ಳೆಯ ಮದ್ದೂ ಸಣ್ಣ ಬಯಲನ್ನೇ ತೋರಿಸಬಹುದು.

ಇನ್ನೂ ಒಂದು ತೊಡಕಿದೆ. ಬ್ಯಾಕ್ಟೀರಿಯಾ ನಮಗೆ ತೀರ ದೂರದ ನೆಂಟ. ಅದರ ಮನೆಯ ಗೋಡೆ, ಕಾರ್ಖಾನೆ ಎಲ್ಲ ಬೇರೆ. ನಮಗೆ ತಾಗದಂತೆ ಅದಕ್ಕೆ ಹೊಡೆಯಬಹುದು. ಶಿಲೀಂಧ್ರ ಹಾಗಲ್ಲ, ಜೀವಕೋಶದ ರಚನೆಯಲ್ಲಿ ನಮ್ಮ ದಾಯಾದಿ. ಅದನ್ನು ಕೊಲ್ಲುವುದು ನಮ್ಮ ಜೀವಕೋಶವನ್ನೂ ಕೊಲ್ಲಬಹುದು. ಒಂದು ಒಳ್ಳೆಯ ವ್ಯತ್ಯಾಸ ವಿಜ್ಞಾನಿಗಳ ಕೈಗೆ ಸಿಕ್ಕಿತು. ನಮ್ಮ ಜೀವಕೋಶದ ಪೊರೆಯಲ್ಲಿ ಕೊಲೆಸ್ಟರಾಲ್ ಇರುವ ಜಾಗದಲ್ಲಿ ಅವಕ್ಕೆ ಎರ್ಗೋಸ್ಟರಾಲ್ ಇದೆ. ಫ್ಲುಕೊನಜೋಲ್ ಅದರ ತಯಾರಿಕೆಯನ್ನು ತಡೆಯುತ್ತದೆ. ನಿಸ್ಟಾಟಿನ್ ಅದಕ್ಕೇ ಅಂಟಿಕೊಂಡು ಪೊರೆಯನ್ನು ಸೋರುವಂತೆ ಮಾಡುತ್ತದೆ.

ನಿಸ್ಟಾಟಿನ್ ಹುಟ್ಟಿದ್ದು ಎಲೆಯಲ್ಲಿ ಅಲ್ಲ, ಮಣ್ಣಿನಲ್ಲಿ. ಅಮೆರಿಕದ ವರ್ಜೀನಿಯಾದ ಹೊಲವೊಂದರ ಮಣ್ಣಿನ ಸೂಕ್ಷ್ಮಜೀವಿಯಿಂದ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಎಂಬ ಇಬ್ಬರು ಹೆಂಗಸರು ಅದನ್ನು ಕಂಡುಹಿಡಿದು 1950ರಲ್ಲಿ ಪ್ರಕಟಿಸಿದರು. ತಾವು ಕೆಲಸಕ್ಕಿದ್ದ ನ್ಯೂಯಾರ್ಕ್ ರಾಜ್ಯದ ಹೆಸರನ್ನೇ ಮದ್ದಿಗಿಟ್ಟರು. ರಾಯಧನವಾಗಿ ಬಂದ ಕೋಟ್ಯಂತರ ರೂಪಾಯಿಯನ್ನು ಇಬ್ಬರೂ ಸಂಶೋಧನೆಗೇ ಬಿಟ್ಟುಕೊಟ್ಟರು. ನಮ್ಮವರೂ ಹಿಂದೆ ಬೀಳಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿದ ಎಂ. ಜೆ. ತಿರುಮಲಾಚಾರ್ ಪುಣೆಯ ಬಳಿಯ ಪಿಂಪ್ರಿಯ ಹಿಂದೂಸ್ತಾನ್ ಆಂಟಿಬಯೋಟಿಕ್ಸ್‌ನಲ್ಲಿ ಅದೇ ಪಿಂಪ್ರಿಯ ಮಣ್ಣಿನ ಜೀವಿಯಿಂದ ಹ್ಯಾಮೈಸಿನ್ ತೆಗೆದರು. ಕ್ಯಾಂಡಿಡಾಗೆ ಹಚ್ಚುವ ಮದ್ದಾಗಿ ಅದು ಅಂಗಡಿಗೂ ಬಂತು. 1999ರಲ್ಲಿ ತೀರಿಕೊಂಡ ಈ ಕನ್ನಡ ನಾಡಿನ ಶಿಲೀಂಧ್ರಶಾಸ್ತ್ರಜ್ಞರ ಹೆಸರು ನಮ್ಮ ಶಾಲೆಯ ಪಾಠಗಳಲ್ಲಿ ಏಕಿಲ್ಲವೋ ಕಾಣೆ.

ರೇಷ್ಮೆ ಸೀಮೆಯ ರೈತನಿಗೆ ಶಿಲೀಂಧ್ರ ಹೊಸಬನಲ್ಲ. ಚಳಿಗಾಲದ ಬೆಳೆಗೆ ಸುಣ್ಣಕಟ್ಟು ರೋಗ ಬಂದರೆ ಹುಳು ಕಡ್ಡಿಯಂತೆ ಸೆಟೆದು, ಸುಣ್ಣ ಬಳಿದಂತೆ ಬೆಳ್ಳಗಾಗಿ ಸಾಯುತ್ತದೆ. ಆ ಬಿಳುಪು ಬೂವೇರಿಯಾ ಎಂಬ ಶಿಲೀಂಧ್ರದ ಬೀಜಕಣ. ಇಟಲಿಯ ಅಗೋಸ್ಟಿನೊ ಬಾಸ್ಸಿ 1835ರಲ್ಲಿ ಇದನ್ನು ತೋರಿಸಿಕೊಟ್ಟ. ಸೂಕ್ಷ್ಮಜೀವಿಯಿಂದ ಪ್ರಾಣಿಗೆ ರೋಗ ಬರುತ್ತದೆಂದು ಜಗತ್ತಿಗೆ ಮೊದಲು ಖಚಿತವಾದದ್ದು ಹಾಗೆ, ಪಾಶ್ಚರನಿಗಿಂತ ಮುಂಚೆ, ಒಂದು ರೇಷ್ಮೆ ಹುಳುವಿನಿಂದ. ಹುಳುವಿಗೆ ಸುಣ್ಣಕಟ್ಟು ಬಂದರೆ ಹಾಸಿಗೆ ಒಣಗಿರಲಿ, ಗಾಳಿ ಆಡಲಿ ಎಂದು ರೈತ ಓಡಾಡುತ್ತಾನೆ. ಅದೇ ಉಪಚಾರ ಗೂಡು ಬಿಚ್ಚುವ ಕೈಗಳಿಗೆ ಸಿಕ್ಕಿಲ್ಲ.

ಸಿಕ್ಕಿದ್ದು ಟ್ಯೂಬು. ಮೆಡಿಕಲ್ ಸ್ಟೋರಿನಲ್ಲಿ ಬೆರಳು ತೋರಿಸಿದರೆ ಸಾಕು, ಒಂದು ಮುಲಾಮು ಕೊಡುತ್ತಾರೆ. ಶಿಲೀಂಧ್ರಕ್ಕೊಂದು, ಬ್ಯಾಕ್ಟೀರಿಯಾಕ್ಕೊಂದು, ಉರಿಗೆ ಸ್ಟೀರಾಯ್ಡ್ ಒಂದು, ಮೂರೂ ಬೆರೆತ ಪಂಚಾಮೃತ. ಎರಡು ದಿನದಲ್ಲಿ ಕೆಂಪು ಮಾಯ, ತುರಿಕೆ ಮಾಯ. ಸ್ಟೀರಾಯ್ಡ್ ಮಾಡಿದ್ದು ಚರ್ಮದ ಕಾವಲುಗಾರರನ್ನು ಮಲಗಿಸಿದ್ದಷ್ಟೇ. ಬಿಟ್ಟ ಕೂಡಲೇ ಸೋಂಕು ದುಪ್ಪಟ್ಟಾಗಿ ಮೇಲೇಳುತ್ತದೆ. ಹುಳುಕಡ್ಡಿ ಇಡೀ ದೇಶದಲ್ಲಿ ಮದ್ದಿಗೆ ಬಗ್ಗದ ಪಿಡುಗಾದುದರಲ್ಲಿ ಈ ಮುಲಾಮುಗಳ ಪಾಲು ದೊಡ್ಡದೆಂದು ಚರ್ಮವೈದ್ಯರು ಕೂಗಿ ಹೇಳಿದ ಮೇಲೆ, 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಷೆಡ್ಯೂಲ್ ಎಚ್‌ಗೆ ಸೇರಿಸಿತು. ಹಾಗೆಂದು ಸ್ಟೀರಾಯ್ಡೇ ವಿಷವಲ್ಲ. ಉಗುರಿನ ಬುಡ ಹಳೆಯದಾಗಿ ಊದಿಕೊಂಡಿದ್ದರೆ ಅದಕ್ಕೆ ಮೂಲ ನೀರು, ಸೋಪಿನ ಕಿರಿಕಿರಿ; ಯೀಸ್ಟ್ ಆಮೇಲೆ ಬಂದು ಸೇರಿಕೊಂಡ ಅತಿಥಿ ಎಂದು ಈಗ ವೈದ್ಯರು ತಿಳಿದಿದ್ದಾರೆ. ಅಂಥ ಕಡೆ ವೈದ್ಯರೇ ಲೆಕ್ಕ ಹಾಕಿ ಸ್ಟೀರಾಯ್ಡ್ ಕೊಡುವುದುಂಟು. ಅದು ಅವರ ಕೈಯಲ್ಲಿರಬೇಕು, ಕೌಂಟರಿನ ಹುಡುಗನ ಕೈಯಲ್ಲಲ್ಲ.

ಮದ್ದಿಗೆ ಬಗ್ಗದ ಯೀಸ್ಟ್ ಹೊರಗಿನ ಸುದ್ದಿಯೂ ಅಲ್ಲ. 2009ರಲ್ಲಿ ಜಪಾನಿನ ವೃದ್ಧೆಯೊಬ್ಬರ ಕಿವಿಯಲ್ಲಿ ಮೊದಲು ಗುರುತಿಸಿದ ಕ್ಯಾಂಡಿಡಾ ಆರಿಸ್ ನಮ್ಮ ದೇಶದ ದೊಡ್ಡ ಆಸ್ಪತ್ರೆಗಳ ತೀವ್ರನಿಗಾ ಘಟಕಗಳಿಗೂ ಕಾಲಿಟ್ಟಿದೆ. ಫ್ಲುಕೊನಜೋಲ್ ಅದಕ್ಕೆ ನಾಟುವುದು ಅಪರೂಪ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿ ಮಾಡಿದಾಗ ಆರಿಸ್ ಜೊತೆ ನಮ್ಮ ಹಳೆಯ ಕ್ಯಾಂಡಿಡಾ ಆಲ್ಬಿಕನ್ಸನ್ನೂ ಮೊದಲ ಸಾಲಿನಲ್ಲೇ ಕೂರಿಸಿತು. ಹೊಸ ಮದ್ದುಗಳು ಬೇಕು. ಎಲೆಗಳನ್ನು ಹುಡುಕುವುದು ಅದಕ್ಕಾಗಿ, ಮತ್ತು ಹುಡುಕಲೇಬೇಕು. ಹುಡುಕುವಾಗ ಲೆಕ್ಕಪತ್ರವನ್ನೂ ಇಟ್ಟುಕೊಳ್ಳಬೇಕು. ಬೇವಿನ ಎಣ್ಣೆಯಿಂದ ಬೆಳೆಯ ಶಿಲೀಂಧ್ರ ತಡೆಯುವ ವಿಧಾನಕ್ಕೆ ಅಮೆರಿಕದ ಗ್ರೇಸ್ ಕಂಪನಿ ಮತ್ತು ಅಲ್ಲಿನ ಕೃಷಿ ಇಲಾಖೆ ಯೂರೋಪಿನಲ್ಲಿ ಪೇಟೆಂಟ್ ಪಡೆದದ್ದು, ಭಾರತದಲ್ಲಿ ಇದು ಮೊದಲೇ ಬಳಕೆಯಲ್ಲಿತ್ತೆಂದು 2000ದಲ್ಲಿ ಅದು ರದ್ದಾದದ್ದು, 2005ರಲ್ಲಿ ಮೇಲ್ಮನವಿಯೂ ಬಿದ್ದದ್ದು ಹಲವರಿಗೆ ನೆನಪಿರಬಹುದು. ಸಾವನದುರ್ಗದ ಕಾಡಿನಲ್ಲಿ ಔಷಧಿ ಸಸ್ಯಗಳಿಗೆಂದೇ ಕಾದಿರಿಸಿದ ಪ್ರದೇಶವಿದೆ. ಉಪ್ಪಿನಕಾಯಿಗೆಂದು ಮಾಕಳಿ ಬೇರನ್ನು ಅಗೆದು ಅಗೆದು ಬರಿದು ಮಾಡಿದ ಹಾಗೆ ಎಲೆಯ ಹೆಸರಲ್ಲಿ ಆಲೆ ಮರವನ್ನೂ ಮುಗಿಸುವುದು ಬೇಡ.

ಹಾಗಾದರೆ ಹಚ್ಚಬೇಕೋ ಬೇಡವೋ, ಅಷ್ಟು ಹೇಳಿ ಎನ್ನುತ್ತೀರಿ. ತಲೆಹೊಟ್ಟಿಗೆ ಆಲೆ ಎಲೆಯ ಎಣ್ಣೆ ಹಚ್ಚುವುದಾದರೆ ಹಚ್ಚಿ, ಒಂದೆರಡು ಗಂಟೆ ಬಿಟ್ಟು ಚೆನ್ನಾಗಿ ತೊಳೆಯಿರಿ. ಎಲೆ ಮದ್ದಾದರೂ ಎಣ್ಣೆ ಮಲಾಸಿಜಿಯಾದ ಊಟ. ರಾತ್ರಿಯೆಲ್ಲ ಬಿಟ್ಟರೆ ಬಡಿಸಿದಂತೆ. ಚಿಬ್ಬಿಗೆ ಕೀಟೊಕೊನಜೋಲ್ ಶಾಂಪೂ ಸುಲಭದ ದಾರಿ. ಕೈಗೆ ಗೋರಂಟಿ ಹಚ್ಚಲು ಅಡ್ಡಿಯಿಲ್ಲ, ಚರ್ಮ ಒಡೆದು ಹಸಿಗಾಯವಾಗಿಲ್ಲದಿದ್ದರೆ, ಮತ್ತು ಸೊಪ್ಪು ನಿಮ್ಮ ಹಿತ್ತಲಿನದಾಗಿದ್ದರೆ. ಅಂಗಡಿಯ ‘ಕಪ್ಪು ಮೆಹಂದಿ’ಯಲ್ಲಿ ಬೆರೆಸುವ ತಲೆಗೂದಲ ಬಣ್ಣದ ರಾಸಾಯನಿಕ ಚರ್ಮವನ್ನು ಸುಟ್ಟ ಉದಾಹರಣೆಗಳಿವೆ. ಹಸುಗೂಸಿಗೆ ಗೋರಂಟಿ ಬೇಡವೇ ಬೇಡ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ಲಾಸೋನ್ ಚರ್ಮದ ಮೂಲಕ ಒಳಹೋಗಿ ರಕ್ತದ ಕೆಂಪುಕಣಗಳನ್ನು ಒಡೆಯುತ್ತದೆ. ಕೂಸಿನ ಬಾಯಲ್ಲಿ ಮೊಸರಿನಂಥ ಬಿಳಿ ಪದರ, ಒರೆಸಿದರೂ ಹೋಗದಂಥದ್ದು, ಕಂಡರೆ ಅದು ಕ್ಯಾಂಡಿಡಾ ಇರಬಹುದು. ಅದಕ್ಕೆ ಸೊಪ್ಪಿನ ರಸ, ಜೇನುತುಪ್ಪ ತಿಕ್ಕದೆ ಡಾಕ್ಟರಿಗೆ ತೋರಿಸಿ. ವರ್ಷ ತುಂಬದ ಮಗುವಿಗೆ ಜೇನು ಅಪಾಯ.

ಹೆಂಗಸರ ಬಿಳಿಸೆರಗಿನ ವಿಷಯ ಬೇರೆಯೇ ಹೇಳಬೇಕು. ನಾಲ್ವರಲ್ಲಿ ಮೂವರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಅಲ್ಲಿ ಯೀಸ್ಟ್ ಸೋಂಕು ಬರುತ್ತದೆ. ನಾಚಿಕೆಯಿಂದ ಬೇವಿನ ಸೊಪ್ಪಿನ ನೀರಿನಲ್ಲಿ ತೊಳೆದುಕೊಂಡು ವರ್ಷಗಟ್ಟಲೆ ಸುಮ್ಮನಿರುವವರು ಬಹಳ. ಬಿಳಿಸೆರಗೆಲ್ಲ ಯೀಸ್ಟ್ ಅಲ್ಲ. ಗಂಡನಿಗೂ ಚಿಕಿತ್ಸೆ ಬೇಕಾದ ಬೇರೆ ಸೋಂಕಿರಬಹುದು, ಗರ್ಭಕೊರಳಿನ ಕಾಯಿಲೆ ಇರಬಹುದು. ಒಳಗೆ ಸೊಪ್ಪಿನ ನೀರು ಹಾಯಿಸಿದರೆ ಅಲ್ಲಿ ಕಾವಲಿದ್ದ ಒಳ್ಳೆಯ ಬ್ಯಾಕ್ಟೀರಿಯಾಗಳೂ ಕೊಚ್ಚಿಹೋಗುತ್ತವೆ.

ಮತ್ತೆ ಬಿಚ್ಚಾಣಿಕೆಯವರ ಬೆರಳು. ‘ಕೈ ಒಣಗಿಸಿಕೊಳ್ಳಿ’ ಎಂಬುದು ಎಲ್ಲ ವೈದ್ಯರೂ ಕೊಡುವ ಮೊದಲ ಸಲಹೆ, ಸರಿಯಾದ ಸಲಹೆ. ನೀರಿನಲ್ಲಿ ಕೈಯಿಟ್ಟರೆ ಮಾತ್ರ ಅನ್ನ ಕಾಣುವವಳಿಗೆ ಅದನ್ನು ಹೇಳುವುದು ಸ್ವಲ್ಪ ಕ್ರೂರವೂ ಹೌದು. ಕೈಗವಸು ಹಾಕಿದರೆ ಎಳೆಯ ತುದಿ ಬೆರಳಿಗೆ ಸಿಕ್ಕುವುದಿಲ್ಲ. ಸ್ವಯಂಚಾಲಿತ ಯಂತ್ರ ಬಂದ ಘಟಕಗಳಲ್ಲಿ ಕೈ ನೀರಿಗೆ ಇಳಿಯುವುದು ಎಷ್ಟೋ ಕಡಿಮೆಯಾಗಿದೆ, ಆದರೆ ಅದರ ಬೆಲೆ ಚರಕದ ಮನೆಯವರ ಕೈಗೆಟುಕುವಂಥದ್ದಲ್ಲ. ಅಲ್ಲಿಯವರೆಗೆ ಆಗುವುದಿಷ್ಟು: ಬೇಸಿನ್ನಿನ ನೀರನ್ನು ಆಗಾಗ ಬದಲಿಸುವುದು, ಪಾಳಿಯ ನಡುವೆ ಒಳ್ಳೆಯ ನೀರಿನಲ್ಲಿ ಕೈ ತೊಳೆದು ಬೆರಳ ಸಂದಿಗಳನ್ನು ಒಣಬಟ್ಟೆಯಲ್ಲಿ ಒರೆಸುವುದು, ಉಂಗುರ ತೆಗೆದಿಡುವುದು, ರಾತ್ರಿ ಕ್ಲೋಟ್ರಿಮಜೋಲ್ ಒಂದೇ ಇರುವ ಮುಲಾಮನ್ನು ಸಂದಿಗೆ ಹಚ್ಚುವುದು. ಮೂರು ವಾರ ಹೀಗೆ ಮಾಡಿದರೂ ಗಾಯ ಮಾಯದಿದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ ರಕ್ತದ ಸಕ್ಕರೆ ನೋಡಿಸಿ. ಎಷ್ಟೋ ಮಂದಿಗೆ ಸಕ್ಕರೆ ಕಾಯಿಲೆ ಇರುವುದು ಮೊದಲು ಗೊತ್ತಾಗುವುದು ಮಾಯದ ಬೆರಳಿನಿಂದ.